ಬೀದಿ ಪರದೆ ಬರೆದ ನಾಟಕ

ಯಲಹಂಕ ದಾಟಿ ದೊಡ್ಡಬಳ್ಳಾಪುರದ ಕಡೆಗೆ ಹೋಗುವ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ಇವತ್ತಿಗೂ ‘ಕುರುಕ್ಷೇತ್ರ’ ಆಡುತ್ತಾರೆ. ಅಪಾರ್ಟ್‌ಮೆಂಟಿನ ಜಾಹೀರಾತಿನ ಪಕ್ಕದಲ್ಲೇ ನಾಟಕದ ಪೋಸ್ಟರೂ ಅಂಟಿರುತ್ತದೆ. ಊರಿನ ರೈತರು, ಡ್ರೈವರುಗಳು, ಮೇಷ್ಟ್ರುಗಳು ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಹಾಡು, ಮಾತು ಕಲಿಯುತ್ತಾರೆ. ತಮ್ಮ ಪಾತ್ರಕ್ಕೆ ತಾವೇ ದುಡ್ಡು ಕಟ್ಟುತ್ತಾರೆ. ಕೃಷ್ಣ, ದುರ್ಯೋಧನರಿಗೆ ಹೆಚ್ಚು, ದೂತನಿಗೆ ಕಡಿಮೆ. ಪರದೆ, ದೀಪ, ಕಿರೀಟ, ಗದೆ ಎಲ್ಲವೂ ‘ಡ್ರಾಮಾ ಸೀನರಿ’ಯವರ ಲಾರಿಯಲ್ಲಿ ಬಾಡಿಗೆಗೆ ಬರುತ್ತವೆ.

ಕಳೆದ ವರ್ಷ ಇಂಥದೊಂದು ನಾಟಕಕ್ಕೆ ಹೋಗಿದ್ದೆ. ನನ್ನ ಪಿಎಚ್.ಡಿ. ವಿಷಯ ಆಧುನಿಕ ಕನ್ನಡ ನಾಟಕ. ನಾಟಕವೆಂದರೆ ಪುಸ್ತಕವೆಂದೇ ನಂಬಿಕೊಂಡು ಬಂದವಳು ನಾನು. ಪಾತ್ರಧಾರಿಗಳು ಮೂಲದ ಮಾತನ್ನು ಎಷ್ಟರಮಟ್ಟಿಗೆ ಬದಲಿಸುತ್ತಾರೆಂದು ಗುರುತು ಹಾಕಿಕೊಳ್ಳುವುದು ಆ ರಾತ್ರಿಯ ಉದ್ದೇಶವಾಗಿತ್ತು.

ಗೀತೋಪದೇಶಕ್ಕೆ ಸ್ವಲ್ಪ ಮುಂಚೆ ವೇದಿಕೆಯ ಮುಂಭಾಗದಲ್ಲಿ ಬೀದಿಯ ಚಿತ್ರವಿದ್ದ ಪರದೆ ಇಳಿಯಿತು. ಅದರ ಮುಂದೆ ಇಬ್ಬರು ಸೈನಿಕರು ಬಂದು ಮನೆ, ಹೆಂಡತಿ, ಸಾಲ ಎಂದು ತಮಾಷೆಗೆ ಇಳಿದರು. ಜನ ನಗುತ್ತಿದ್ದಾಗ ನಾನು ಪಕ್ಕದಿಂದ ಹಿಂದಕ್ಕೆ ಹೋದೆ. ಅಲ್ಲಿ ನಾಲ್ಕು ಮಂದಿ ಸದ್ದಿಲ್ಲದೆ ಅರ್ಜುನನ ರಥ ಕಟ್ಟುತ್ತಿದ್ದರು. ಒಂದು ಚಕ್ರ ಸರಿಯಾಗಿ ಕೂರುತ್ತಿರಲಿಲ್ಲ. ಸೀನರಿಯ ಯಜಮಾನರು ಪರದೆಯ ಅಂಚಿಗೆ ಬಾಯಿಟ್ಟು, “ಇನ್ನೊಂದೆರಡು ನಿಮಿಷ ಎಳೀರಪ್ಪಾ” ಎಂದರು. ಮುಂದಿದ್ದ ಸೈನಿಕರಲ್ಲಿ ಒಬ್ಬ ತಡವರಿಸದೆ ಜಮೀನಿನ ರಿಜಿಸ್ಟ್ರೇಷನ್ನಿನ ಮೇಲೆ ಹೊಸದೊಂದು ಮಾತು ತೆಗೆದ. ಇಡೀ ರಾತ್ರಿಯಲ್ಲಿ ಜನ ಅತಿ ಜೋರಾಗಿ ನಕ್ಕದ್ದು ಆ ಮಾತಿಗೆ.

ಯಜಮಾನರು ನನ್ನನ್ನು ನೋಡಿ, “ಏನಮ್ಮಾ, ನಾಟ್ಕ ಆ ಕಡೆ ನಡೀತಾ ಐತೆ, ನೀವು ಇಲ್ಲಿ ನಿಂತಿದ್ದೀರಾ?” ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಟಿಪ್ಪಣಿ ತಿದ್ದುವಾಗ ಒಂದು ವಿಷಯ ಖಚಿತವಾಗಿತ್ತು: ಆ ಎರಡು ನಿಮಿಷದ ನಾಟಕ ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಬರೆಸಿದ್ದು ಕೂರಲೊಲ್ಲದ ಒಂದು ಚಕ್ರ.

ಇದು ಹಳ್ಳಿ ನಾಟಕದ ಒಂದು ಮೋಜಿನ ಪ್ರಸಂಗವೆಂದು ಬಿಟ್ಟುಬಿಡಬಹುದಿತ್ತು. ಆದರೆ ಕನ್ನಡದ ಅತಿ ಹೆಚ್ಚು ಚರ್ಚೆಗೊಳಗಾದ ಆಧುನಿಕ ನಾಟಕವೊಂದರ ಕಟ್ಟಡವೇ ಈ ಬೀದಿ ಪರದೆಯ ಮೇಲೆ ನಿಂತಿದೆ. 1964ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ ‘ತುಘಲಕ್’ ಅದು. ಕಾರ್ನಾಡರು ಬಾಲ್ಯದಲ್ಲಿ ಶಿರಸಿಯಲ್ಲಿ ಕಂಪನಿ ನಾಟಕಗಳನ್ನು ನೋಡಿ ಬೆಳೆದವರು. ತಮ್ಮ ಮೂರು ನಾಟಕಗಳ ಇಂಗ್ಲಿಷ್ ಸಂಪುಟದ ಪ್ರಸ್ತಾವನೆಯಲ್ಲಿ ಅವರು ಈ ರಂಗವ್ಯವಸ್ಥೆಯನ್ನು ವಿವರಿಸಿದ್ದಾರೆ. ಕಂಪನಿ ನಾಟಕದಲ್ಲಿ ಎರಡು ಬಗೆಯ ದೃಶ್ಯಗಳು: ವೇದಿಕೆಯ ಪೂರ್ತಿ ಆಳವನ್ನು ಬಳಸುವ ಅರಮನೆ, ದರ್ಬಾರುಗಳ ದೃಶ್ಯ ಒಂದು, ಮುಂಭಾಗದ ಚಿತ್ರಿತ ಪರದೆಯ ಎದುರು ನಡೆಯುವ ಬೀದಿಯ ದೃಶ್ಯ ಇನ್ನೊಂದು. ಮುಂದೆ ಹಾಸ್ಯಗಾರರು ಜನರನ್ನು ನಗಿಸುತ್ತಿದ್ದಾಗ ಹಿಂದೆ ಮುಂದಿನ ಅರಮನೆ ಸಜ್ಜಾಗುತ್ತಿತ್ತು. ‘ತುಘಲಕ್’ ಬರೆಯುವಾಗ ತಾವು ಈ ವಿಭಜನೆಯನ್ನೇ ಹಿಡಿದು ಹೊರಟರೂ ಎರಡರ ನಡುವಿನ ಹಳೆಯ ತೂಕ ಉಳಿಸಿಕೊಳ್ಳುವುದು ಕಷ್ಟವಾಗುತ್ತ ಹೋಯಿತೆಂದು ಕಾರ್ನಾಡರು ಹೇಳುತ್ತಾರೆ.

ಈ ವಿಭಜನೆ ಹುಟ್ಟಿದ್ದು ಯಾವ ಕಾವ್ಯಮೀಮಾಂಸೆಯಿಂದಲೂ ಅಲ್ಲ. ಹಗ್ಗ ಎಳೆಯುವವರಿಗೆ, ಸಿಂಹಾಸನ ಹೊರುವವರಿಗೆ ಸಮಯ ಬೇಕಾಗಿದ್ದರಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪಾರ್ಸಿ ಮತ್ತು ಮರಾಠಿ ಕಂಪನಿಗಳನ್ನು ನೋಡಿ ಕನ್ನಡದ ಕಂಪನಿಗಳು ಚಿತ್ರಿತ ಪರದೆಗಳನ್ನು ರೂಢಿಸಿಕೊಂಡವು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಮುಂದೆ ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತು. ಆನೆ ಬರುವ ಹಾದಿ ತೆರವಾಗುವವರೆಗೆ ಯಾರಾದರೂ ಮುಂದೆ ನಿಂತು ಮಾತಾಡಲೇಬೇಕಲ್ಲ! ರಂಗಸಜ್ಜಿಕೆಯ ಕೆಲಸಕ್ಕೆ ಬೇಕಾದ ಆ ಬಿಡುವು ನಿಧಾನಕ್ಕೆ ಒಂದು ಸಾಹಿತ್ಯರೂಪವಾಯಿತು.

ಆದರೆ ಆ ವ್ಯವಸ್ಥೆಯನ್ನು ಬರಿಯ ಅಭಿಮಾನದಿಂದ ನೋಡಿದರೆ ತಪ್ಪಾಗುತ್ತದೆ. ವೇದಿಕೆಯ ಆಳ ರಾಜನಿಗೆ, ಮುಂದಿನ ನಾಲ್ಕಡಿ ಆಳಿಗೆ. ಸೇವಕ, ದೂತ, ಅಗಸ, ಕಳ್ಳ ಇವರೆಲ್ಲ ಬೀದಿ ಪರದೆಯ ಮುಂದೆ ಬಂದು ನಗಿಸಿ ಹೋಗಬೇಕು; ಪರದೆ ಮೇಲೆದ್ದಾಗ ಅವರಿಗೆ ಅಲ್ಲಿ ಜಾಗವಿಲ್ಲ. ಪರದೆ ದೃಶ್ಯಗಳನ್ನು ಬೇರ್ಪಡಿಸುತ್ತಿದ್ದಂತೆ ಜನರನ್ನೂ ಬೇರ್ಪಡಿಸುತ್ತಿತ್ತು. ಯಾರ ದುಃಖಕ್ಕೆ ಆಳವಿದೆ, ಯಾರ ದುಃಖ ಬರೀ ತಮಾಷೆ ಎಂಬುದನ್ನು ಮಾತು ಶುರುವಾಗುವ ಮೊದಲೇ ರಂಗಸಜ್ಜಿಕೆ ತೀರ್ಮಾನಿಸಿಬಿಟ್ಟಿರುತ್ತಿತ್ತು.

ಈ ಹಿನ್ನೆಲೆಯಲ್ಲಿ ‘ತುಘಲಕ್’ನ ಅಜೀಜ್‌ನನ್ನು ನೋಡಿ. ವಿಮರ್ಶೆ ಅವನನ್ನು ಸಾಮಾನ್ಯವಾಗಿ ಸುಲ್ತಾನನ ನೆರಳೆಂದು, ಆದರ್ಶವಾದದ ವ್ಯಂಗ್ಯಚಿತ್ರವೆಂದು ಓದುತ್ತ ಬಂದಿದೆ. ಸುಲ್ತಾನನ ಯೋಜನೆ ಒಂದೊಂದೂ ಅಜೀಜ್‌ನ ಕೈಯಲ್ಲಿ ಮೋಸದ ಸಾಧನವಾಗುತ್ತದೆ, ನಿಜ. ನಾನೂ ಎಂ.ಎ. ಪರೀಕ್ಷೆಯಲ್ಲಿ ಹಾಗೆಯೇ ಬರೆದು ಅಂಕ ತೆಗೆದುಕೊಂಡವಳು. ಆದರೆ ಅಜೀಜ್ ಯಾರು? ಅವನೊಬ್ಬ ಅಗಸ. ಇನ್ನೊಬ್ಬರ ಬಟ್ಟೆ ಒಗೆಯುವವನು. ನಾಟಕದ ಶುರುವಿನಲ್ಲಿ ಬ್ರಾಹ್ಮಣನ ವೇಷದಲ್ಲಿ ಬಂದು ಸುಲ್ತಾನನ ವಿರುದ್ಧವೇ ದಾವೆ ಗೆಲ್ಲುತ್ತಾನೆ. ದೌಲತಾಬಾದಿನ ದಾರಿಯಲ್ಲಿ ಸರ್ಕಾರಿ ನೌಕರನಾಗಿ ಜನರನ್ನು ಸುಲಿಯುತ್ತಾನೆ. ಆಮೇಲೆ ದರೋಡೆಕೋರನಾಗುತ್ತಾನೆ. ಕೊನೆಗೆ ಖಲೀಫರ ವಂಶದ ಘಿಯಾಸುದ್ದೀನನನ್ನು ಕೊಂದು, ಅವನ ಉಡುಪು ತೊಟ್ಟು ಅರಮನೆಯನ್ನೇ ಪ್ರವೇಶಿಸುತ್ತಾನೆ. ಬೀದಿ ಪರದೆಯ ಮುಂದಿನವನು ಈಗ ದರ್ಬಾರಿನ ಆಳದಲ್ಲಿ ಸುಲ್ತಾನನಿಗೆ ಎದುರಾಗಿ ನಿಂತಿದ್ದಾನೆ.

ಅವನನ್ನು ಪರದೆ ದಾಟಿಸಿದ್ದು ಬಟ್ಟೆ. ಮನುಷ್ಯನಿಗೂ ಅವನ ಉಡುಪಿಗೂ ಇರುವ ನಂಟು ಎಷ್ಟು ಸಡಿಲವೆಂದು ಅಗಸನಿಗಿಂತ ಚೆನ್ನಾಗಿ ಬಲ್ಲವರು ಯಾರು? ದೊಡ್ಡವರ ನಿಲುವಂಗಿಯನ್ನು ಖಾಲಿಯಾಗಿ, ಒದ್ದೆಯಾಗಿ, ಹಗ್ಗದ ಮೇಲೆ ನೇತಾಡುವಾಗ ಕಂಡವನು ಅವನು. ರಂಗಸಜ್ಜಿಕೆ ಹಾಕಿದ ಗೆರೆಯನ್ನು ವಸ್ತ್ರದ ಬಲದಿಂದ ದಾಟಿದವನ ಕಥೆಯೂ ‘ತುಘಲಕ್’ನಲ್ಲಿದೆ ಎಂದು ನನಗೆ ಈಗ ಅನ್ನಿಸುತ್ತದೆ. ಪುಸ್ತಕವನ್ನಷ್ಟೇ ಓದುತ್ತಿದ್ದಾಗ ಇದು ಕಂಡಿರಲಿಲ್ಲ. ವೇಷ ಕಟ್ಟುವವರ ಕಣ್ಣಿನಿಂದ ನೋಡಿದ ಮೇಲೆ ಕಂಡಿತು.

ಇಲ್ಲಿಂದ ಮುಂದಿನ ಪ್ರಶ್ನೆ ಸಹಜವಾಗಿ ಬರುತ್ತದೆ. ಕೊಂದವನಿಂದ ಕಿತ್ತುಕೊಂಡ ಆ ನಿಲುವಂಗಿ ಅಜೀಜ್‌ಗೆ ಸರಿಯಾಗಿ ಒಪ್ಪುತ್ತದೆಯೇ? ತೋಳು ಉದ್ದವಾಗಿ, ನೆಲ ಗುಡಿಸುವಂತಿದ್ದರೆ ನಾವು ನಗುತ್ತೇವೆ. ಅವನು ಇನ್ನೂ ಕಂಪನಿ ನಾಟಕದ ಹಾಸ್ಯಗಾರನೇ. ಅಳತೆ ಕೊಟ್ಟು ಹೊಲಿಸಿದಂತೆ ಒಪ್ಪಿಬಿಟ್ಟರೆ ಮೈ ಜುಮ್ಮೆನ್ನುತ್ತದೆ. ಆಗ ಅಧಿಕಾರವೆಂಬುದು ಯಾರ ಮೈಗಾದರೂ ಒಪ್ಪುವ ಬಟ್ಟೆ ಎಂದಾಗುತ್ತದೆ. ಎರಡೂ ಬೇರೆ ಬೇರೆ ನಾಟಕಗಳು. ಯಾವುದನ್ನು ಆಡಬೇಕೆಂಬ ತೀರ್ಮಾನದಲ್ಲಿ ಟೇಪು ಹಿಡಿದು ನಿಂತ ವಸ್ತ್ರವಿನ್ಯಾಸಕರ ಪಾಲು ದೊಡ್ಡದು.

ಸ್ಥಳ ಬದಲಾದರೂ ಹೀಗೆಯೇ. 1970ರ ದಶಕದಲ್ಲಿ ಇಬ್ರಾಹಿಂ ಅಲ್ಕಾಜಿ ಇದೇ ನಾಟಕವನ್ನು ದೆಹಲಿಯ ಪುರಾನಾ ಕಿಲಾದ ಅವಶೇಷಗಳ ನಡುವೆ ಆಡಿಸಿದರು. ಅಲ್ಲಿ ಕೋಟೆಯ ಗೋಡೆ ನಿಜ, ಆಕಾಶ ನಿಜ. ಬಯಲಿನಲ್ಲಿ ಬೀದಿ ಪರದೆ ಇಳಿಬಿಡುವ ಜಾಗವಿಲ್ಲ. ಕಂಪನಿ ನಾಟಕದ ತುಂಟತನ ಹಿಂದೆ ಸರಿದು ಇತಿಹಾಸದ ಗಾಂಭೀರ್ಯ ಮುಂದೆ ಬರುತ್ತದೆ. ಅಲ್ಕಾಜಿಯವರ ನಾಟಕಗಳಿಗೆ ವಸ್ತ್ರವಿನ್ಯಾಸ ಮಾಡುತ್ತಿದ್ದ ರೋಶನ್ ಅಲ್ಕಾಜಿ ಪ್ರಾಚೀನ ಭಾರತದ ಉಡುಪುಗಳ ಬಗ್ಗೆ ಪುಸ್ತಕವನ್ನೇ ಬರೆದವರು. ಆ ಪ್ರಯೋಗದ ಛಾಯಾಚಿತ್ರಗಳು ಉಳಿದಿರುವುದರಿಂದ ಇಂದಿನ ವಿದ್ಯಾರ್ಥಿ ಅವುಗಳನ್ನು ಮುಂದಿಟ್ಟುಕೊಂಡು ವಾದ ಮಾಡಬಹುದು. ನಮ್ಮಲ್ಲಿ ‘ತುಘಲಕ್’ ಎಂದೊಡನೆ ಸಿ.ಆರ್. ಸಿಂಹ ಅವರ ಅಭಿನಯವನ್ನು ಹಿರಿಯರು ಕಣ್ಣರಳಿಸಿ ನೆನೆಯುತ್ತಾರೆ. ಅಜೀಜ್‌ನ ನಿಲುವಂಗಿ ಹೇಗಿತ್ತೆಂದು ಹೇಳುವವರು ನನಗೆ ಇನ್ನೂ ಸಿಕ್ಕಿಲ್ಲ.

ವಸ್ತ್ರವಿನ್ಯಾಸಕರ ಕಣ್ಣು ಎಂದೆನಲ್ಲ, ಅದಕ್ಕೆ ಕನ್ನಡದಲ್ಲಿ ಒಂದು ದೊಡ್ಡ ನಿದರ್ಶನ ಪ್ರೇಮಾ ಕಾರಂತ. ‘ಹಯವದನ’, ‘ಈಡಿಪಸ್’, ‘ಒಥೆಲೊ’, ‘ಕಿಂಗ್ ಲಿಯರ್’ ಸೇರಿದಂತೆ ನೂರಕ್ಕೂ ಹೆಚ್ಚು ನಾಟಕಗಳಿಗೆ ವಸ್ತ್ರವಿನ್ಯಾಸ ಮಾಡಿದವರು ಅವರು. ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ (1975) ಚಿತ್ರದ ಉಡುಪುಗಳೂ ಅವರವೇ. ಆದರೆ ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಅವರು ಬರುವುದು ಬಹುಪಾಲು ಎರಡು ಗುರುತುಗಳಿಂದ: ಬಿ.ವಿ. ಕಾರಂತರ ಪತ್ನಿ, ‘ಫಣಿಯಮ್ಮ’ದ ನಿರ್ದೇಶಕಿ. ನೂರು ನಾಟಕಗಳ ಬಟ್ಟೆ ಈ ಎರಡು ಗುರುತುಗಳ ನಡುವೆ ಎಲ್ಲೋ ಮಡಚಿಕೊಂಡು ಕೂತಿದೆ.

ಆ ಎರಡು ಕೆಲಸಗಳನ್ನು ಬೇರೆ ಬೇರೆ ಎಂದು ಓದುವುದೇ ತಪ್ಪೆಂದು ನನ್ನ ವಾದ. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿದ ‘ಫಣಿಯಮ್ಮ’ ಬಾಲವಿಧವೆಯೊಬ್ಬಳ ಕಥೆ. ಅವಳ ಬದುಕಿಗೆ ಸಮಾಜ ವಿಧಿಸಿದ ಶಿಕ್ಷೆಯೆಲ್ಲ ಮೈಮೇಲಿನ ವಸ್ತುಗಳ ರೂಪದಲ್ಲೇ ಬರುತ್ತದೆ: ಬಳೆ, ಕುಂಕುಮ, ತಲೆಗೂದಲು, ಉಡುವ ಸೀರೆ. ಒಂದೊಂದನ್ನೇ ತೆಗೆದುಹಾಕಿ ಒಬ್ಬ ಹುಡುಗಿಯನ್ನು ‘ವಿಧವೆ’ ಎಂಬ ಪಾತ್ರಕ್ಕೆ ಸಿದ್ಧಪಡಿಸಲಾಗುತ್ತದೆ. ವರ್ಷಗಟ್ಟಲೆ ನಟನಟಿಯರಿಗೆ ಬಟ್ಟೆ ತೊಡಿಸಿ ಪಾತ್ರವನ್ನು ಹುಟ್ಟಿಸಿದವರಿಗೆ ಈ ಕಥೆಯ ಕ್ರೌರ್ಯ ಎಲ್ಲಿದೆಯೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತೊಡಿಸುವುದು ಪಾತ್ರವನ್ನು ಸೃಷ್ಟಿಸುವುದಾದರೆ, ಬಲವಂತವಾಗಿ ಕಳಚುವುದೂ ಹಾಗೆಯೇ. ಪ್ರೇಮಾ ಅವರ ಆತ್ಮಕಥನ ‘ಸೋಲಿಸಬೇಡ ಗೆಲಿಸಯ್ಯ’ ನಮ್ಮ ಕೈಯಲ್ಲಿದೆ. ಅವರ ಜೀವನ ತಿಳಿಯಲು ಅದು ಬೇಕು. ಅವರ ವಿಚಾರ ತಿಳಿಯಬೇಕಾದರೆ ಅವರು ಆರಿಸಿದ ಬಟ್ಟೆಯ ತುಂಡು, ಬಣ್ಣ ಹಾಕಿಸಿದ ಚೀಟಿ, ಅಳತೆಯ ಪುಸ್ತಕವೂ ಬೇಕು.

ಈ ವಾದಕ್ಕೆ ಒಂದು ಗಟ್ಟಿ ಆಕ್ಷೇಪಣೆಯಿದೆ. ಆಧುನಿಕ ಕನ್ನಡ ರಂಗಭೂಮಿ ಅರಳಿದ್ದೇ ಪರದೆ, ಜರಿ, ಕಿರೀಟಗಳನ್ನು ಬಿಟ್ಟು ಹೊರಬಂದಾಗ ಎನ್ನುತ್ತಾರೆ. 1972ರಲ್ಲಿ ಬಿ.ವಿ. ಕಾರಂತರು ರವೀಂದ್ರ ಕಲಾಕ್ಷೇತ್ರದ ಹಿಂಬದಿಯ ಬಯಲಿನಲ್ಲಿ ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ನಾಟಕಗಳನ್ನು ಆಡಿಸಿದ್ದು ಈ ತಿರುವಿನ ಗುರುತು. ಪರದೆಯೇ ಇಲ್ಲದ ಮೇಲೆ ಪರದೆಯವರ ಚರಿತ್ರೆ ಯಾಕೆ ಎಂದು ಕೇಳಬಹುದು. ಆದರೆ ಬಯಲಿಗೆ ಹೋಗುವುದೂ ಒಂದು ರಂಗವಿನ್ಯಾಸವೇ. ಗುಬ್ಬಿ ಕಂಪನಿಯಲ್ಲಿ ಬಾಲನಟನಾಗಿದ್ದ ಕಾರಂತರಿಗೆ ತಾವು ಬಿಟ್ಟು ಬಂದದ್ದು ಏನೆಂದು ಚೆನ್ನಾಗಿ ಗೊತ್ತಿತ್ತು. ‘ಹಯವದನ’ದಲ್ಲಿ ಇಬ್ಬರು ಕೈಯಲ್ಲಿ ಹಿಡಿದು ತರುವ ಅರ್ಧ ಪರದೆಯನ್ನೇ ನೋಡಿ. ಯಕ್ಷಗಾನದ ನೆನಪು ಹೊತ್ತ ಆ ತುಂಡುಬಟ್ಟೆ ಮರೆಮಾಡುವ ಕೆಲಸವನ್ನೇ ಆಟವಾಗಿಸುತ್ತದೆ. ನೀನಾಸಂ 1985ರಲ್ಲಿ ತಿರುಗಾಟ ಶುರುಮಾಡಿದಾಗ ಊರೂರಿಗೆ ಹೊತ್ತೊಯ್ದು, ಸಿಕ್ಕ ವೇದಿಕೆಯ ಮೇಲೆ ಕಟ್ಟಿ, ಆಟ ಮುಗಿದ ಮೇಲೆ ಬಿಚ್ಚಬಲ್ಲ ರಂಗಸಜ್ಜಿಕೆ ಬೇಕಾಯಿತು. ಬಿಚ್ಚಿ ಕಟ್ಟುವ ಆ ಲೆಕ್ಕವೂ ನಾಟಕದ ಶೈಲಿಯಲ್ಲಿ ಸೇರಿಕೊಳ್ಳುತ್ತದೆ. ಸರಳವಾಗಿ ಕಾಣುವ ರಂಗದ ಹಿಂದೆ ಸರಳವಲ್ಲದ ತೀರ್ಮಾನಗಳಿರುತ್ತವೆ, ಮತ್ತು ಬೇಗ ಮರೆಯಾಗುವುದು ಅವೇ.

ನಾನು ವಿಶ್ವವಿದ್ಯಾಲಯಕ್ಕೆ ಹೋಗುವ ಬಸ್ಸು ಬಳ್ಳಾರಿ ರಸ್ತೆಯಲ್ಲಿ ಜಿಕೆವಿಕೆಯ ಮುಂದೆ ಹಾದುಹೋಗುತ್ತದೆ. ಆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ 2019ರಲ್ಲಿ ಒಂದು ಸಾರ್ವಜನಿಕ ಆರ್ಕೈವ್ ತೆರೆಯಿತು. ಸಮಕಾಲೀನ ಭಾರತದ ವಿಜ್ಞಾನದ ಚರಿತ್ರೆಗೆ ಬೇಕಾದ ಪತ್ರಗಳು, ಪ್ರಯೋಗದ ನೋಟ್‌ಬುಕ್‌ಗಳು, ಛಾಯಾಚಿತ್ರಗಳಿಗೆ ಅಲ್ಲಿ ಜಾಗವಿದೆ. ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುವುದುಂಟು. ವಿಜ್ಞಾನಿಯ ಪ್ರಕಟಿತ ಪ್ರಬಂಧವಷ್ಟೇ ವಿಜ್ಞಾನವಲ್ಲ, ಅವರು ಗೀಚಿ ಹೊಡೆದುಹಾಕಿದ ಪುಟವೂ ವಿಜ್ಞಾನವೆಂದು ಒಪ್ಪಿದ ಮೇಲೆ ಹುಟ್ಟುವ ಸಂಸ್ಥೆ ಅದು. ನಾಟಕದ ವಿಷಯದಲ್ಲಿ ನಾವು ಇನ್ನೂ ಪ್ರಕಟಿತ ಪುಸ್ತಕದ ಹತ್ತಿರವೇ ನಿಂತಿದ್ದೇವೆ.

ಬೇರೆ ಕಡೆ ಈ ಒಪ್ಪಿಗೆ ಬಂದು ಬಹಳ ಕಾಲವಾಯಿತು. ಬ್ರಿಟಿಷ್ ರಂಗವಿನ್ಯಾಸಕ ಎಡ್ವರ್ಡ್ ಗಾರ್ಡನ್ ಕ್ರೇಗ್ ಅವರ ಸಂಗ್ರಹವನ್ನು 1957ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ ಕೊಂಡುಕೊಂಡಿತು. ಕೋಲ್ಕತ್ತದಲ್ಲಿ ಪ್ರತಿಭಾ ಅಗ್ರವಾಲ್ 1981ರಲ್ಲಿ ನಾಟ್ಯ ಶೋಧ ಸಂಸ್ಥಾನವನ್ನು ಕಟ್ಟಿದರು. ಇನ್ನೊಂದು ಪ್ರಸಂಗ ಮನಸ್ಸನ್ನು ಕಲಕುತ್ತದೆ. ‘ಗಾಂಧಿ’ ಚಿತ್ರದ ವಸ್ತ್ರವಿನ್ಯಾಸಕ್ಕೆ ಆಸ್ಕರ್ ಪಡೆದ, ನಮ್ಮ ನೆರೆಯ ಕೊಲ್ಹಾಪುರದಲ್ಲಿ ಹುಟ್ಟಿದ ಭಾನು ಅಥೈಯಾ 2012ರಲ್ಲಿ ಆ ಪ್ರಶಸ್ತಿಯನ್ನು ಅಮೆರಿಕದ ಅಕಾಡೆಮಿಗೇ ಹಿಂದಿರುಗಿಸಿದರು. ಪ್ರತಿಭಟನೆಗಾಗಿ ಅಲ್ಲ, ತಮ್ಮ ನಂತರ ಇಲ್ಲಿ ಅದು ಜೋಪಾನವಾಗಿ ಉಳಿಯುತ್ತದೆಂಬ ಭರವಸೆ ಅವರಿಗಿರಲಿಲ್ಲ. ಆಸ್ಕರ್ ಪ್ರಶಸ್ತಿಯ ಗತಿಯೇ ಇದಾದರೆ ಯಲಹಂಕದ ಬೀದಿ ಪರದೆಯ ಗತಿ ಏನು?

ಉತ್ತರ ಹುಡುಕಲು ದೂರ ಹೋಗಬೇಕಾಗಲಿಲ್ಲ. ಮಳೆಗಾಲ ಮುಗಿದ ಮೇಲೆ ಆ ಸೀನರಿ ಯಜಮಾನರ ಶೆಡ್ಡಿಗೆ ಹೋಗಿದ್ದೆ. ಕೈಯಲ್ಲಿ ಬರೆದ ಪರದೆಗಳ ಜಾಗಕ್ಕೆ ಫ್ಲೆಕ್ಸ್ ಬಂದಿದೆ. ಕೆಲವು ಊರಿನವರು ಎಲ್‌ಇಡಿ ಪರದೆಯನ್ನೇ ಕೇಳುತ್ತಾರಂತೆ. ನಾನು ನೋಡಿದ ಬೀದಿ ಪರದೆಯನ್ನು ಅವರು ಕಿರೀಟದ ಪೆಟ್ಟಿಗೆಗಳಿಗೆ ಹೊದಿಸಿದ್ದರು. “ಇದನ್ನೇನು ನೋಡ್ತೀರಮ್ಮಾ, ತೂತು ಬಿದ್ದೈತೆ” ಎನ್ನುತ್ತಲೇ ಬಿಡಿಸಿ ಹಾಸಿದರು. ಅಗಲ 22 ಅಡಿ, ಎತ್ತರ 12. ಎರಡು ಬದಿಯಲ್ಲಿ ಮಾಳಿಗೆ ಮನೆಗಳು, ನಡುವೆ ಕಿರಿದಾಗುತ್ತ ಹೋಗುವ ರಸ್ತೆ. ಕೆಳಗಿನ ಅಂಚಿನಲ್ಲಿ ಮೂರು ಕಾಲದ ಹೊಲಿಗೆ: ಮೊದಲು ಕೈಹೊಲಿಗೆ, ಆಮೇಲೆ ಮಿಷಿನ್ನಿನದು, ಕೊನೆಯಲ್ಲಿ ಗೋಣಿ ದಾರ. ಬಲ ಅಂಚಿನಲ್ಲಿ ಒಂದೇ ಎತ್ತರಕ್ಕೆ ಕೈಯ ಎಣ್ಣೆ ಜಿಡ್ಡು, ಕಪ್ಪಗೆ. ಯಜಮಾನರು ಪರದೆಯನ್ನು ಸರಿಸಿ ಹಿಂದಿನಿಂದ ಮಾತಾಡುತ್ತಿದ್ದ ಜಾಗ ಅದು.

ಕಲಾವಸ್ತುವಾಗಿ ಆ ಪರದೆ ಸಾಧಾರಣ. ಅದರ ಚಿತ್ರಕಾರನನ್ನು ಮಹಾನ್ ಕಲಾವಿದನೆಂದು ಸಾಬೀತುಪಡಿಸುವ ಆಸೆ ನನಗಿಲ್ಲ. ಆದರೆ ಕನ್ನಡ ನಾಟಕದ ದೃಶ್ಯಗಳು ಯಾಕೆ ಈ ಉದ್ದಕ್ಕಿವೆ, ಸೇವಕರು ಯಾಕೆ ಮುಂದೆ ನಿಂತು ನಗಿಸುತ್ತಾರೆ, ಅಜೀಜ್ ಒಳಗೆ ಹೆಜ್ಜೆ ಇಟ್ಟದ್ದು ಯಾಕೆ ದೊಡ್ಡ ಘಟನೆ ಎಂಬುದಕ್ಕೆ ಅದು ಸಾಕ್ಷಿ. ಆರ್ಕೈವಿನಲ್ಲಿ ಚಂದದ ರೇಖಾಚಿತ್ರಗಳಷ್ಟೇ ಸೇರಿದರೆ ಸಾಲದು. ಹೊಲಿಗೆ, ತೇಪೆ, ಬಾಡಿಗೆ ಚೀಟಿ, ಅಳತೆ ಪುಸ್ತಕ, ಹಗ್ಗದ ಗಂಟು ಹಾಕುವ ರೀತಿ ಇವೂ ಸೇರಬೇಕು. ವಿಮರ್ಶೆ ಇವನ್ನು ಓದಲು ಕಲಿಯದಿದ್ದರೆ ಆರ್ಕೈವ್ ಬಂದರೂ ಅದೊಂದು ಗೋದಾಮಾಗಿ ಉಳಿಯುತ್ತದೆ.

ಪ್ರಬಂಧದ ಕರಡು ಮಂಡಿಸಿದಾಗ ಹಿರಿಯರೊಬ್ಬರು, “ಇದರಲ್ಲಿ ಪಠ್ಯ ಎಲ್ಲಿದೆ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಆಗ ಕೊಡಲಾಗದ ಉತ್ತರವನ್ನು ಈಗ ನನ್ನ ಎರಡನೆಯ ಅಧ್ಯಾಯದ ಮೊದಲ ಸಾಲಿನಲ್ಲಿ ಬರೆದಿದ್ದೇನೆ: ಅಗಲ 22 ಅಡಿ, ಎತ್ತರ 12. ಓದುವ ನಿಮ್ಮಲ್ಲಿ ಯಾರಾದರೂ ಈ ವಾರ ನಾಟಕ ನೋಡಲು ಹೋಗುವುದಾದರೆ, ಮುಗಿದ ಮೇಲೆ ನಟರನ್ನು ಮಾತಾಡಿಸಿ, ಆಮೇಲೆ ಸ್ವಲ್ಪ ಹೊತ್ತು ನಿಂತುಕೊಳ್ಳಿ. ವೇದಿಕೆ ಬಿಚ್ಚುವವರು ಬರುತ್ತಾರೆ. ಅವರ ಹೆಸರು ಕೇಳಿ, ಬರೆದಿಟ್ಟುಕೊಳ್ಳಿ.